ಶಿಕ್ಷೆಯನ್ನು ಮುಗಿಸುವವರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬದುಕು ನಡೆಯುವುದೇ ನಂಬಿಕೆಯ ಮೇಲೆ. ಊರಿನ ಅಭಿಮಾನಕ್ಕೆ ಈ ಮಾತು ಹೇಳುತ್ತಿಲ್ಲ, ಇಲ್ಲಿಯ ಬೆಳೆಯೇ ಹಾಗಿದೆ. ಬಲಿತ ಕಾಯಿ ಅಟ್ಟ ಸೇರಿದ ಮೇಲೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟು ಕಾಲವೂ ಒಂದು ಮನೆಯ ವರ್ಷದ ಸಂಪಾದನೆ ತಲೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ತೋಟಕ್ಕೆ ಬೇಲಿ ಇದ್ದರೂ ಅದು ದನಕ್ಕೆ, ಮನುಷ್ಯರಿಗಲ್ಲ. ಕಾಯಿ ಕೆಡವುವವರು, ಆಯುವವರು, ಸುಲಿಯುವವರು, ಕರಟ ಒಡೆದು ಕೊಬ್ಬರಿ ಬಿಡಿಸುವವರು, ಚೀಲ ಹೊರುವವರು, ತಿಪಟೂರಿನ ಎಪಿಎಂಸಿಗೆ ಗಾಡಿ ಹೊಡೆಯುವವರು, ಎಲ್ಲರ ಕೈಯಲ್ಲೂ ಇರುವುದು ಇನ್ನೊಬ್ಬರ ಮಾಲು. ಮಂಡಿಯವರು ಕೊಡುವ ಮುಂಗಡಕ್ಕೆ ಎಷ್ಟೋ ಸಲ ಒಂದು ಚೀಟಿಯೂ ಇರುವುದಿಲ್ಲ.

ಜೈಲಿನಿಂದ ಬಂದವನಿಗೆ ಈ ಸೀಮೆಯಲ್ಲಿ ಮೊದಲು ಇಲ್ಲವಾಗುವುದು ಈ ನಂಬಿಕೆ. ಅವನು ಮಾಡಬಲ್ಲ ಕೆಲಸವೆಲ್ಲ ಪರರ ಮಾಲಿನ ನಡುವೆ ನಿಂತು ಮಾಡುವಂಥದ್ದೇ. “ಕೆಲಸಗಾರನೇನೋ ಹೌದು, ಆದರೆ ಒಳಗೆ ಹೋಗಿ ಬಂದವನು” ಎಂಬ ಒಂದು ಮಾತು ಸಾಕು. ಹೇಳಿದವರಿಗೆ ಅವನ ಮೇಲೆ ದ್ವೇಷವೇನೂ ಇರಬೇಕಾಗಿಲ್ಲ. ಹತ್ತು ಆಳಿನ ಗುಂಪಿನಲ್ಲಿ ಅವನಿದ್ದಾನೆಂದು ಗೊತ್ತಾದರೆ ಗುಂಪನ್ನೇ ಕರೆಯದಿರುವವರಿದ್ದಾರೆ. ಅದು ತಿಳಿದಿರುವುದರಿಂದ ಗುಂಪಿನವರೇ ಅವನನ್ನು ಬಿಟ್ಟು ಹೊರಡುತ್ತಾರೆ. ಕೊಬ್ಬರಿಗೆ ಬೆಲೆ ಬಂದಷ್ಟೂ ಇದು ಬಿಗಿಯಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ರೈತರು ಬೀದಿಗಿಳಿದಿದ್ದರು. ಎರಡು ವರ್ಷ ಕಳೆದು 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ಬೆಲೆ 20,000 ದಾಟಿತು. ಅಟ್ಟದ ಮೇಲಿರುವುದಕ್ಕೆ ಬೆಲೆ ಬಂದರೆ ಅದನ್ನು ಕಾಯುವ ಕಣ್ಣೂ ಚುರುಕಾಗುತ್ತದೆ. ಎಲ್ಲೋ ನಾಲ್ಕು ಚೀಲ ಕಾಣದಾದರೆ ಮೊದಲು ಯಾರ ಹೆಸರು ನೆನಪಾಗುತ್ತದೆ ಎನ್ನುವುದು ಊರಿಗೂ ಗೊತ್ತು, ಅವನಿಗೂ ಗೊತ್ತು. ಬದುವಿನ ಜಗಳದಲ್ಲಿ ಕೈಮಾಡಿ ಜೈಲಿಗೆ ಹೋದವನು ಕಳ್ಳನಾಗಿರಲಿಲ್ಲವಲ್ಲ ಎಂದು ಆ ಹೊತ್ತಿನಲ್ಲಿ ಯಾರೂ ಯೋಚಿಸುವುದಿಲ್ಲ.

ಕೋರ್ಟು ವಿಧಿಸುವ ಶಿಕ್ಷೆಗೆ ಲೆಕ್ಕವಿದೆ. ಮೂರು ವರ್ಷ, ಏಳು ವರ್ಷ, ಜೀವಾವಧಿ. ಜೀವಾವಧಿ ಎಂದರೆ ಉಳಿದ ಆಯುಷ್ಯವೆಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಹೇಳಿದೆ. ಆದರೂ ಕೊಲೆಯಂಥ ಅಪರಾಧಕ್ಕೆ ಜೀವಾವಧಿ ಅನುಭವಿಸುವವರು 14 ವರ್ಷ ಜೈಲಿನಲ್ಲಿ ಕಳೆದರೆ ಅವರ ನಡತೆ ನೋಡಿ ಬಿಡುಗಡೆಯನ್ನು ಪರಿಶೀಲಿಸಲು ಕಾನೂನು ದಾರಿ ಇಟ್ಟಿದೆ. ಕಾಗದಕ್ಕೆ ಸಹಿ ಬಿದ್ದು ಪರಪ್ಪನ ಅಗ್ರಹಾರದ ಗೇಟು ದಾಟಿದ ಗಳಿಗೆಗೆ ರಾಜ್ಯದ ಲೆಕ್ಕ ಚುಕ್ತಾ. ತಿಪಟೂರಿನಲ್ಲಿ ರೈಲಿಳಿದು ಊರಿನ ದಾರಿ ಹಿಡಿದಾಗ ಶುರುವಾಗುವ ಲೆಕ್ಕ ಬೇರೆ. ಅದಕ್ಕೆ ವರ್ಷಗಳ ಮಿತಿ ಇಲ್ಲ, ಸಹಿ ಹಾಕುವ ಅಧಿಕಾರಿಯೂ ಇಲ್ಲ. ಶಿಕ್ಷೆ ಕೊಡುವ ಅಧಿಕಾರವನ್ನು ರಾಜ್ಯ ಊರಿನ ಕೈಯಿಂದ ತೆಗೆದುಕೊಂಡಿತು, ತೆಗೆದುಕೊಂಡದ್ದು ಸರಿಯೇ. ಶಿಕ್ಷೆಯನ್ನು ಮುಗಿಸುವ ಕೆಲಸವನ್ನು ಮಾತ್ರ ರಾಜ್ಯವೂ ತೆಗೆದುಕೊಳ್ಳಲಿಲ್ಲ, ಊರೂ ಉಳಿಸಿಕೊಳ್ಳಲಿಲ್ಲ. ಆ ಕೆಲಸ ಯಾರದೂ ಅಲ್ಲದೆ ಬಿದ್ದಿರುವುದೇ, ನನ್ನ ತಿಳಿವಳಿಕೆಯಲ್ಲಿ, ಬಿಡುಗಡೆಯಾದವರ ಕಷ್ಟದ ಬುಡ.

ಹಳೆಯ ಕಟ್ಟೆ ಪಂಚಾಯಿತಿಗಳು ದಂಡ ಹಾಕುತ್ತಿದ್ದವು, ಕುಲದಿಂದ ಹೊರಗಿಡುತ್ತಿದ್ದವು, ಬೆಂಕಿ ನೀರು ಕೊಡದಂತೆ ಮಾಡುತ್ತಿದ್ದವು. ಹಾಗೆಯೇ ತಪ್ಪುಕಾಣಿಕೆ ಕಟ್ಟಿ, ದೇವರ ಮುಂದೆ ಅಡ್ಡಬಿದ್ದು, ಹತ್ತು ಜನಕ್ಕೆ ಊಟ ಹಾಕಿ ಕುಲಕ್ಕೆ ಮರಳುವ ಒಂದು ದಿನವೂ ಇರುತ್ತಿತ್ತು. ಆ ಏರ್ಪಾಡು ಮತ್ತೆ ಬರಲಿ ಎಂದು ನಾನು ಹಾರೈಸುವುದಿಲ್ಲ. ಅದರ ನ್ಯಾಯ ಜಾತಿಯ ನ್ಯಾಯ. ಗೌಡರ ಮಗನಿಗೊಂದು ತೂಕ, ಆಳಿನ ಮಗನಿಗೊಂದು, ಹೆಂಗಸಿಗೆ ಇನ್ನೊಂದು. ಅದರಿಂದ ನಾನು ಎತ್ತಿಕೊಳ್ಳುವುದು ಒಂದನ್ನೇ: ಹೊರಗಿಟ್ಟವರೇ ಒಳಗೆ ಕರೆದುಕೊಳ್ಳುವ ಹೊಣೆಯನ್ನೂ ಹೊರುತ್ತಿದ್ದರು. ಅಂದು ಅವನ ಪಂಕ್ತಿಯಲ್ಲಿ ಉಂಡವರು ಮಾರನೆಯ ದಿನ ಅವನನ್ನು ಹೊರಗಿನವನೆಂದು ನೋಡಿದರೆ ಅದು ಪಂಚಾಯಿತಿಯ ಮಾತನ್ನೇ ಮುರಿದಂತೆ. ಇವತ್ತು ಅಂಥ ದಿನವೇ ಬರುವುದಿಲ್ಲವಾದ್ದರಿಂದ ಮುರಿಯಲು ಯಾವ ಮಾತೂ ಇಲ್ಲ.

ಊರು ಶಿಕ್ಷಿಸುತ್ತಿರುವುದು ಅಪರಾಧವನ್ನೇ ಎಂಬುದಾದರೂ ನಿಜವೇ? ಖುಲಾಸೆಯಾಗಿ ಬಂದವರನ್ನು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಂತೆ ಈ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ರುಜುವಾತಾಗಿರಲಿಲ್ಲ. ತಮ್ಮ ಮೇಲಿನ ಆರೋಪಕ್ಕೆ ಇದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಕಥೆ 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಹೊರಬಂತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲು ಒಳಗೆ ಕಳೆದರೆ ಬಿಡುಗಡೆಯ ಅವಕಾಶ ಕೊಟ್ಟಿದೆ. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗೆ ಮೂರೋ ನಾಲ್ಕೋ ವರ್ಷ ಒಳಗಿದ್ದು, ಸಾಕ್ಷಿ ನಿಲ್ಲದೆ ಅಥವಾ ನಿಜವಾಗಿಯೂ ನಿರಪರಾಧಿಯೆಂದು ತೀರ್ಮಾನವಾಗಿ ಊರಿಗೆ ಬಂದವನಿಗೂ ಆಗುವ ಸ್ವಾಗತ ಅದೇ. “ಸುಮ್‌ಸುಮ್ನೆ ಹಿಡ್ಕೊಂಡು ಹೋಗ್ತಾರಾ?” ಎಂದು ಕೇಳಿಬಿಡುತ್ತಾರೆ. ತೀರ್ಪನ್ನು ಯಾರೂ ಓದಿರುವುದಿಲ್ಲ, ಪೊಲೀಸ್ ಜೀಪು ಬಂದು ನಿಂತದ್ದನ್ನು ಎಲ್ಲರೂ ನೋಡಿರುತ್ತಾರೆ. ತಪ್ಪು ಮಾಡಿದವನಿಗೂ ಮಾಡದವನಿಗೂ ಒಂದೇ ಕಳಂಕ ಅಂಟುವುದಾದರೆ, ಆ ಕಳಂಕಕ್ಕೂ ತಪ್ಪಿಗೂ ಸಂಬಂಧವಿಲ್ಲ. ಅಪರಾಧದ ಬಗ್ಗೆ ನಮಗಿರುವ ಕಟ್ಟುನಿಟ್ಟಿನಿಂದ ಹೀಗೆ ನಡೆದುಕೊಳ್ಳುತ್ತೇವೆ ಎಂಬ ಸಮರ್ಥನೆ ಅಲ್ಲಿಗೆ ಬಿದ್ದುಹೋಗುತ್ತದೆ.

ತಪ್ಪನ್ನೇ ನೋಡದೆ ಮನುಷ್ಯನಿಗೆ ಮುದ್ರೆ ಒತ್ತುವುದರಲ್ಲಿ ರಾಜ್ಯವೂ ಹಿಂದೆ ಬಿದ್ದಿಲ್ಲ. 1871ರ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟು ಅಂಥವರನ್ನು ಕೂಡಿಟ್ಟ ಜಾಗ. ಬಡಾವಣೆಗೆ ಆ ಹೆಸರು ಇನ್ನೂ ಉಳಿದಿದೆ. 1952ರ ಆಗಸ್ಟ್ 31ರಂದು ಪಟ್ಟಿಯಿಂದ ಅವರ ಹೆಸರು ಹೋಯಿತು, ಸಂಶಯ ಹೋಗಲಿಲ್ಲ. ಜೈಲಿನೊಳಗೂ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಮಾಡಲು 2024ರ ಅಕ್ಟೋಬರ್ ಬರಬೇಕಾಯಿತು. ಇಂದಿಗೂ ಒಬ್ಬನ ಹೆಸರಿಗೆ ಠಾಣೆಯಲ್ಲಿ ರೌಡಿ ಶೀಟು ತೆರೆದರೆ ಹಬ್ಬಕ್ಕೊಮ್ಮೆ, ಚುನಾವಣೆಗೊಮ್ಮೆ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆ ದಿನ ಅವನ ಕೂಲಿ ಹೋಗುತ್ತದೆ. ಕರೆಯಲು ಬಂದ ಪೇದೆಯನ್ನು ನೋಡಿ ಬೀದಿಗೆ ಹಳೆಯದೆಲ್ಲ ಮತ್ತೆ ನೆನಪಾಗುತ್ತದೆ.

ಇದಕ್ಕೆಲ್ಲ ಒಂದು ಕೊನೆ ಇರಬೇಕು ಎಂಬ ವಿಚಾರ ನಮ್ಮ ಕಾನೂನಿಗೆ ಅಪರಿಚಿತವೇನಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಕಲಮಿನ ಪ್ರಕಾರ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಾದವನು ಬಿಡುಗಡೆಯಾಗಿ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಏಳನೆಯ ವರ್ಷ ನಿಲ್ಲಬಹುದು, ಗೆದ್ದರೆ ಕಾನೂನನ್ನೂ ಮಾಡಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಜೈಲಿಗೆ ಕಳಿಸದೆ ಬಿಟ್ಟವರಿಗೆ ಆ ಅಪರಾಧದ ಕಾರಣಕ್ಕೆ ಯಾವ ಅನರ್ಹತೆಯೂ ಅಂಟಬಾರದೆಂದು 12ನೇ ಕಲಮು ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆ ಮಕ್ಕಳಿಗೂ ಬಹುಪಾಲು ಅದೇ ರಕ್ಷಣೆ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 1974ರ ಒಂದು ಕಾಯ್ದೆಯಂತೆ, ಸಣ್ಣ ಶಿಕ್ಷೆಗಳ ಮಟ್ಟಿಗೆ, ನಿಗದಿತ ವರ್ಷಗಳು ಕಳೆದರೆ ಹಳೆಯ ಅಪರಾಧವನ್ನು ಸಾಮಾನ್ಯ ಕೆಲಸ ಕೇಳುವವನು ಹೇಳಿಕೊಳ್ಳಲೇಬೇಕಾಗಿಲ್ಲ. ನಮ್ಮಲ್ಲಿ ಜೈಲಿಗೆ ಹೋಗಿಬಂದ ವಯಸ್ಕನಿಗೆ ಹೀಗೆ ಗಡುವು ಕೊಡುವ ಸಾಮಾನ್ಯ ಕಾನೂನು ಇಲ್ಲ. ಶಾಸಕನಾಗಲು ಬಯಸುವವನಿಗೆ ಆರು ವರ್ಷ ಸಾಕಾಗುತ್ತದೆ ಎಂದಾದರೆ ಕಾಯಿ ಸುಲಿಯಲು ಬರುವವನಿಗೆ ಇಡೀ ಜನ್ಮ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವನನ್ನು ದೂರ ಇಡುವವರು, ಅವನಲ್ಲ.

ಇದಕ್ಕೆ ಇರುವ ಬಲವಾದ ಆಕ್ಷೇಪ ಕಾನೂನಿನ ಪುಸ್ತಕದಿಂದ ಬರುವುದಿಲ್ಲ, ಎದುರು ಮನೆಯಿಂದ ಬರುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಅಲ್ಲೇ ಇದ್ದಾಳೆ. ಕೊಂದವನು ಬಿಡುಗಡೆಯಾಗಿ ಬಂದು ಅದೇ ಹೋಟೆಲಿನ ಮುಂದೆ ಟೀ ಕುಡಿಯುತ್ತಾನೆ, ಅದೇ ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣು ಎಸೆಯುತ್ತಾನೆ. ಇಬ್ಬರ ತೋಟಕ್ಕೂ ನಡುವೆ ಇರುವುದು ಒಂದೇ ಬದು, ಜಗಳ ಹುಟ್ಟಿದ್ದೂ ಆ ಬದುವಿನಲ್ಲೇ. ನಗರದಲ್ಲಿ ಕೂತು ಮರುಬದುಕಿನ ಬಗ್ಗೆ ಬರೆಯುವವರು ಇದನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಬಡಾವಣೆ ಬದಲಿಸಿ ಹೊಸಬನಾಗಬಹುದು. ಹಂದನಕೆರೆಯಲ್ಲೋ ನೊಣವಿನಕೆರೆಯಲ್ಲೋ ಅದು ಆಗದು. ಆ ತಾಯಿಗೆ “ಅವನ ಶಿಕ್ಷೆ ಮುಗಿಯಿತು, ಮರೆತುಬಿಡಿ ಅಮ್ಮ” ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನ್ಯಾಯಾಧೀಶರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ಆದ್ದರಿಂದ ಕ್ಷಮೆಯನ್ನೂ ಸ್ಥಾನವನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಕ್ಷಮೆ ಆ ತಾಯಿಯದು. ಅವಳು ಕೊಡಬಹುದು, ಕೊಡದೆಯೂ ಇರಬಹುದು. ಸಾಯುವವರೆಗೂ ಅವನ ಮುಖ ನೋಡದಿರುವುದು ಅವಳ ಸ್ವಾತಂತ್ರ್ಯ, ಅದನ್ನು ಊರು ಗೌರವಿಸಬೇಕು. ಅವಳ ದಾರಿಗೆ ಎದುರಾಗದಂತೆ ನಡೆದುಕೊಳ್ಳುವ ಎಚ್ಚರ ಬಂದವನಿಗೂ ಇರಬೇಕು. ಕೂಲಿ, ಬಾಡಿಗೆ ಮನೆ, ಸಹಕಾರ ಸಂಘದ ಸದಸ್ಯತ್ವ, ಕ್ಷೌರದ ಅಂಗಡಿಯಲ್ಲಿ ಸರದಿ, ಇವು ಕ್ಷಮೆಯ ಭಾಗಗಳಲ್ಲ. ಇವು ಒಬ್ಬ ಮನುಷ್ಯ ಊರಿನಲ್ಲಿ ನಿಲ್ಲಲು ಬೇಕಾದ ಸ್ಥಾನ. ಇವನ್ನು ತಡೆದು ಹಿಡಿಯುವ ನಾವು, ಆ ತಾಯಿಯ ಪರವಾಗಿ ತಡೆಯುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಆದರೆ ಅವಳ ಮನೆಗೆ ಎಷ್ಟು ಸಲ ಹೋಗಿ ಬಂದಿದ್ದೇವೆ? ಮಗನಿಲ್ಲದೆ ಅವಳ ತೋಟದ ಕಾಯಿ ಕೆಡವಿಸಿದವರು ಯಾರು, ಪರಿಹಾರದ ಅರ್ಜಿಗೆ ಓಡಾಡಿದವರು ಯಾರು? ಸುಪ್ರೀಂ ಕೋರ್ಟ್ 1998ರಲ್ಲಿ ಕೈದಿಗಳಿಗೆ ನ್ಯಾಯವಾದ ಕೂಲಿ ಸಿಗಬೇಕೆಂದಾಗ ಅದರಲ್ಲೊಂದು ಪಾಲು ನೊಂದವರಿಗೆ ಹೋಗುವ ಏರ್ಪಾಡಾಗಬೇಕೆಂದೂ ಹೇಳಿತು. ಅಪರಾಧಿ ದುಡಿದರೆ ತಾನೇ ನೊಂದವರಿಗೆ ಅವನಿಂದ ಏನಾದರೂ ಸಲ್ಲುವುದು? ಅವನನ್ನು ಕೆಲಸಕ್ಕೆ ಬಾರದವನನ್ನಾಗಿ ಕೂರಿಸಿದರೆ ಆ ತಾಯಿಗೆ ಏನೂ ದಕ್ಕುವುದಿಲ್ಲ.

ನಮಗೆ ಇಷ್ಟವಾಗುವ ಕಥೆಗಳೂ ಇಲ್ಲಿ ಅಡ್ಡ ಬರುತ್ತವೆ. ಬೇಡ ವಾಲ್ಮೀಕಿಯಾದ, ಅಂಗುಲಿಮಾಲ ಭಿಕ್ಷುವಾದ. ಕನ್ನಡದಲ್ಲೇ ಉರಿಲಿಂಗಪೆದ್ದಿಯಿದ್ದಾನೆ. ಕದಿಯಲು ಬಂದ ಪೆದ್ದಣ್ಣ ಉರಿಲಿಂಗದೇವನಿಗೆ ಶಿಷ್ಯನಾಗಿ, ಅಸ್ಪೃಶ್ಯನೆನಿಸಿಕೊಂಡವನು ಗುರುವಿನ ನಂತರ ಅದೇ ಪೀಠವನ್ನೇರಿದ ಎನ್ನುತ್ತದೆ ಐತಿಹ್ಯ. ಶರಣರು ಅವನನ್ನು ಕ್ಷಮಿಸಿ ಬಾಗಿಲಾಚೆ ಕೂರಿಸಲಿಲ್ಲ, ಮಠದ ಹೊಣೆಯನ್ನೇ ಅವನ ಕೈಗೆ ಕೊಟ್ಟರು ಎಂಬುದು ಈ ಕಥೆಯ ದೊಡ್ಡತನ. ನಾವೋ ಆ ಕಥೆಯನ್ನು ತಿರುಗಿಸಿ ಹಿಡಿಯುತ್ತೇವೆ: ಶರಣನಾದರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತೇವೆ ಎನ್ನುತ್ತೇವೆ. ಜೈಲಿನಿಂದ ಬಂದವನು ಕುಡಿಯಬಾರದು, ಸಿಟ್ಟಾಗಬಾರದು, ಕೂಲಿ ಕಡಿಮೆಯಾಯಿತೆಂದು ಕೇಳಬಾರದು. ಬೇರೆಯವರು ಮಾಡಿದರೆ ಸಣ್ಣದಾಗಿ ಕಾಣುವುದೇ ಅವನು ಮಾಡಿದರೆ ಹಳೆಯ ಬುದ್ಧಿ. ಸಾಧಾರಣ ಮನುಷ್ಯನಾಗಿರುವ ಅನುಮತಿಯೇ ಅವನಿಗಿಲ್ಲ. ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲುಗಳಿಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ‘ಮ್ಯಾಕ್‌ಬೆತ್’ಗೆ ಎಚ್.ಎಸ್. ಶಿವಪ್ರಕಾಶರು ಕೊಟ್ಟ ಕನ್ನಡ ರೂಪ ‘ಮಾರನಾಯಕ’ವನ್ನು, ಕೈಗೆ ಅಂಟಿದ ರಕ್ತದ ಕಥೆಯನ್ನು, ಅದೇ ಆರೋಪ ಹೊತ್ತವರು ರಂಗದ ಮೇಲೆ ನಿಂತು ಆಡಿದರು. ದೊಡ್ಡ ಕೆಲಸ ಅದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಚಪ್ಪಾಳೆ ತಟ್ಟಿದ ನಮ್ಮಂಥವರು ಆ ನಟನೇ ಬಂದು ಮನೆ ಬಾಡಿಗೆಗೆ ಕೇಳಿದರೆ ಏನು ಹೇಳುತ್ತೇವೆ ಎಂಬುದು ಬೇರೆಯೇ ಪರೀಕ್ಷೆ.

ತೋಟವಿದ್ದವನಿಗಾದರೂ ಸುಲಭವೇ ಎಂದರೆ ಅದೂ ಇಲ್ಲ. ನಮ್ಮ ಕಡೆಯ ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂಧನವಾದ ವರ್ಷ ನೆಟ್ಟ ಸಸಿ 14 ವರ್ಷ ಕಳೆದು ಅವನು ಬರುವಾಗ ಏಳೆಂಟು ವರ್ಷದ ಫಸಲು ಕೊಟ್ಟಿರುತ್ತದೆ. ಆ ಫಸಲು ವಕೀಲರ ಫೀಸಿಗೋ, ಕೈಸಾಲದ ಬಡ್ಡಿಗೋ ಹೋಗಿರುತ್ತದೆ. ಇಲ್ಲವೇ ನೋಡುವವರಿಲ್ಲದೆ ಬರ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಮರಗಳನ್ನೇ ತಿಂದಿರುತ್ತವೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿರಬಹುದು. ಪಹಣಿ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಅವನ ಹೆಸರಿಗೆ ರೈತರ ನೋಂದಣಿಯ ಫ್ರೂಟ್ಸ್ ಐಡಿ ಆಗುವುದಿಲ್ಲ. ಅದಿಲ್ಲದೆ ಬೆಂಬಲ ಬೆಲೆಯ ಕೇಂದ್ರದಲ್ಲಿ ಕೊಬ್ಬರಿ ನೋಂದಾಯಿಸಲು ಬಾರದು. ಬ್ಯಾಂಕಿನ ಖಾತೆ ವ್ಯವಹಾರವಿಲ್ಲದೆ ನಿಂತುಹೋಗಿರುತ್ತದೆ, ಒಟಿಪಿ ಬರಬೇಕಾದ ಮೊಬೈಲ್ ಸಂಖ್ಯೆ ಯಾವಾಗಲೋ ಬೇರೆಯವರ ಪಾಲಾಗಿರುತ್ತದೆ. ಕರ್ನಾಟಕದ ಜೈಲುಗಳಲ್ಲಿ ಕೂಲಿ ಈಚೆಗೆ ದಿನಕ್ಕೆ 500 ರೂಪಾಯಿ ಮೀರಿದೆ, ಅದು ನಿಜವಾಗಿಯೂ ಒಳ್ಳೆಯ ಹೆಜ್ಜೆ. ಆದರೆ ಒಳಗೆ ಕಲಿತ ಬೇಕರಿ ಕೆಲಸಕ್ಕೋ ಮಗ್ಗದ ಕೆಲಸಕ್ಕೋ ತೆಂಗಿನ ಸೀಮೆಯ ಹಳ್ಳಿಯಲ್ಲಿ ಕರೆಯುವವರು ಯಾರಿದ್ದಾರೆ?

ಹೆಂಗಸರ ಪಾಡು ಇನ್ನೂ ಬೇರೆ. ಗಂಡ ಜೈಲಿಗೆ ಹೋದರೆ ಹೆಂಡತಿ ತೋಟ ನೋಡಿಕೊಳ್ಳುತ್ತಾಳೆ, ಬಸ್ಸು ರೈಲು ಹಿಡಿದು ಭೇಟಿಗೆ ಹೋಗುತ್ತಾಳೆ, ಅವನು ಬರುವ ದಿನ ಅಡುಗೆ ಮಾಡಿ ಕಾಯುತ್ತಾಳೆ. ಹೆಂಡತಿಯೇ ಜೈಲಿಗೆ ಹೋದರೆ ಅವಳಿಗಾಗಿ ಹಾಗೆ ಕಾಯುವ ಮನೆ ಅಪರೂಪ. ಗಂಡನ ಮನೆಯವರು ಸೇರಿಸುವುದಿಲ್ಲ, ತವರಿನವರಿಗೆ ಉಳಿದ ಹೆಣ್ಣುಮಕ್ಕಳ ಮದುವೆಯ ಚಿಂತೆ. ಮಕ್ಕಳು ಅಷ್ಟು ಹೊತ್ತಿಗೆ ಬೇರೆ ಯಾರನ್ನೋ ಅಮ್ಮ ಎನ್ನುತ್ತಿರುತ್ತವೆ. ಅವಳಿಗೆ ಊರಿಗೆ ಮರಳುವುದೆಂಬ ಮಾತೇ ಇರುವುದಿಲ್ಲ, ಯಾವುದೋ ಪೇಟೆಯಲ್ಲಿ ಹೆಸರು ಹೇಳದೆ ಗಾರ್ಮೆಂಟ್ಸ್ ಸೇರುತ್ತಾಳೆ.

ಬಿಡುಗಡೆಯ ನಂತರದ ಆರೈಕೆ ರಾಜ್ಯದ ಕರ್ತವ್ಯ ಎಂದು ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ 1983ರಲ್ಲೇ ಬರೆದುಕೊಟ್ಟಿತು. 2023ರ ಮಾದರಿ ಕಾರಾಗೃಹ ಕಾಯ್ದೆಯೂ ಅದನ್ನು ಹೇಳುತ್ತದೆ. ಬಿಡುಗಡೆಗೆ ಆರು ತಿಂಗಳಿರುವಾಗಲೇ ಒಬ್ಬ ಅಧಿಕಾರಿ ಊರಿಗೆ ಬಂದು ಪಹಣಿ, ಪಡಿತರ ಚೀಟಿ, ಬ್ಯಾಂಕ್ ಖಾತೆಗಳನ್ನು ಸರಿಮಾಡಿಸುವಂತಿದ್ದರೆ, ನೊಂದವರ ಮನೆಗೂ ಹೋಗಿ ಇಂಥ ದಿನ ಬರುತ್ತಾನೆ, ನಿಮಗೇನು ಭಯವಿದೆ, ಏನು ಬೇಕು ಎಂದು ಕೇಳುವಂತಿದ್ದರೆ, ಅರ್ಧ ದಾರಿ ಸವೆದಂತೆ. ಉಳಿದರ್ಧ ರಾಜ್ಯದಿಂದ ಆಗುವುದಲ್ಲ. ನಂಬಿಕೆಯನ್ನು ಆದೇಶ ಹೊರಡಿಸಿ ಹುಟ್ಟಿಸಲಾಗದು. ನಂಬಿಕೆಗೆ ಅರ್ಹನೆಂದು ಮೊದಲು ತೋರಿಸಲಿ, ಆಮೇಲೆ ನಂಬುತ್ತೇವೆ ಎನ್ನುವುದೂ ಆಗದ ಮಾತು. ಯಾರೂ ಏನನ್ನೂ ಕೈಗೆ ಕೊಡದಿದ್ದರೆ ಅವನು ತೋರಿಸುವುದಾದರೂ ಹೇಗೆ? ಸ್ವಾತಂತ್ರ್ಯಪೂರ್ವದಲ್ಲೇ ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ಗೋಡೆಯಿಲ್ಲದ ಜೈಲು ನಡೆಸಿದರು, ವಿ. ಶಾಂತಾರಾಮ್ 1957ರಲ್ಲಿ ಮಾಡಿದ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಅದೇ ಪ್ರೇರಣೆ. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಅಲ್ಲಿ ಶಿಕ್ಷೆ ಮುಗಿಯುವ ಮುಂಚೆಯೇ ನಂಬುತ್ತಾರೆ. ಶಿಕ್ಷೆ ಮುಗಿದ ಮೇಲೂ ನಂಬಲಾರೆವು ಎನ್ನುತ್ತಿರುವವರು ನಾವು.

ಇಡೀ ಊರು ಒಟ್ಟಿಗೆ ನಂಬಬೇಕೆಂದು ನಾನು ಕೇಳುತ್ತಿಲ್ಲ. ಒಬ್ಬರು ಮುಂದೆ ಬಂದರೆ ಸಾಕಾಗುತ್ತದೆ. ಸಾವಿರ ಕಾಯಿಗೆ ಇಷ್ಟೆಂದು ಮಾತಾಡಿ ಸುಲಿಯಲು ಕರೆಯುವುದು ಮೊದಲನೆಯದು. ಅಲ್ಲಿ ಅವನು ಹಗಲು ಬೆಳಕಿನಲ್ಲಿ, ಹತ್ತು ಜನರ ನಡುವೆ ಇರುತ್ತಾನೆ. ಕರೆದವರಿಗೆ ಅಪಾಯವೂ ಕಡಿಮೆ. ಒಂದು ಸುಗ್ಗಿ ಕಳೆದ ಮೇಲೆ ಅಟ್ಟ ಹತ್ತಿ ಕಾಯಿ ಇಳಿಸುವ ಕೆಲಸ, ಇನ್ನೊಂದು ವರ್ಷಕ್ಕೆ ಚೀಲ ಹೇರಿಕೊಂಡು ಒಬ್ಬನೇ ಮಂಡಿಗೆ ಹೋಗಿ ಪಟ್ಟಿ ತರುವ ಕೆಲಸ. ಈ ನಡುವೆ ಎಲ್ಲಾದರೂ ಮಾಲು ಕಾಣೆಯಾದರೆ ಬೇರೆ ಆಳುಗಳನ್ನು ವಿಚಾರಿಸುವಂತೆಯೇ ಅವನನ್ನೂ ವಿಚಾರಿಸಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇವನಿಗೆ ಕೆಲಸ ಕೊಟ್ಟವರು ನಾವು ಎಂದು ಮಂಡಿಯಲ್ಲಿ, ಹಾಲಿನ ಡೈರಿಯ ಮುಂದೆ, ನಾಲ್ಕು ಜನರಿಗೆ ಕೇಳುವಂತೆ ಹೇಳುವ ಧೈರ್ಯವೂ ಕೊಟ್ಟವರಿಗೆ ಬೇಕು. ಕದ್ದುಮುಚ್ಚಿ ಕೊಟ್ಟ ಕೆಲಸದಿಂದ ಹೊಟ್ಟೆ ತುಂಬಬಹುದು, ಊರಿನಲ್ಲಿ ಅವನ ಸ್ಥಾನ ಮಾತ್ರ ಮರಳುವುದಿಲ್ಲ. ಸಹಕಾರ ಸಂಘದಲ್ಲಿ ಬೇರೊಬ್ಬರ ಸಾಲಕ್ಕೆ ಅವನು ಜಾಮೀನು ಹಾಕಲು ಬಂದಾಗ ಕಾರ್ಯದರ್ಶಿ ತಲೆಯೆತ್ತಿ ನೋಡದೆ ಸಹಿ ತೆಗೆದುಕೊಂಡರೆ ಅವನ ಮಟ್ಟಿಗೆ ಶಿಕ್ಷೆ ಮುಗಿದಿದೆ. ಮಗಳ ಸಂಬಂಧ ಕೇಳಿಕೊಂಡು ಬಂದವರು ಅಪ್ಪನ ವಿಷಯ ತಿಳಿದೂ ಮಾತು ಮುಂದುವರಿಸಿದರೆ ಅವನ ಮನೆಯವರ ಮಟ್ಟಿಗೂ ಮುಗಿದಂತೆ. ಕೋರ್ಟು ಅವರಿಗೆ ಯಾವ ಶಿಕ್ಷೆಯನ್ನೂ ವಿಧಿಸಿರಲಿಲ್ಲ.